ತೇಗದ ದೋಣಿಗೆ ಮೂರನೆಯ ವಾರ್ನಿಷ್

ತೇಗದ ಮೈಯಲ್ಲೇ ಎಣ್ಣೆ ಇರುತ್ತದೆ, ಎಣ್ಣೆಯ ಮೇಲೆ ವಾರ್ನಿಷ್ ಹಿಡಿಯುವುದಿಲ್ಲ. ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಒಳಗಿನ ಎಣ್ಣೆ ಮತ್ತೆ ಮೇಲೆ ಬರುವುದರೊಳಗೆ ವಾರ್ನಿಷ್ ಬಳಿಯಬೇಕು ಎಂದು ಪಕ್ಕದ ಪನಮರಂ ಪೇಟೆಯ ಬಡಗಿ ನನ್ನ ಗಂಡನಿಗೆ ಹೇಳಿಕೊಟ್ಟಿದ್ದ. ನನ್ನ ಗಂಡನೋ, ರಿಟೈರ್ ಆದ ಮೇಲೆ ಎಲ್ಲ ಕೆಲಸಕ್ಕೂ ಎಕ್ಸ್‌ಪರ್ಟ್. ಆದರೂ ನಮ್ಮ ಪುಟ್ಟ ದೋಣಿಯ ವಾರ್ನಿಷ್ ಎರಡು ವರ್ಷವೂ ಕೂರುವ ಹಲಗೆಯ ಮೇಲೆ ಚಕ್ಕೆ ಚಕ್ಕೆಯಾಗಿ ಎದ್ದುಬಂತು.

"ಈ ಸಲವೂ ಎದ್ರೆ ರೆಸಾರ್ಟಿನವರಿಗೆ ಕೊಟ್ಟುಬಿಡ್ತೀನಿ. ಅಂಗಳದಲ್ಲಿಟ್ಟು ಹೂವಿನ ಗಿಡ ನೆಡ್ತಾರಂತೆ," ಎಂದರು.

ಕೊಟ್ಟರೆ ನನ್ನ ಗತಿಯೇನು? ಹೊಳೆಯ ಆಚೆ ದಡದಲ್ಲಿ ನನ್ನ ತಂಗಿಯ ಮನೆ. ಭಾನುವಾರ ಭಾನುವಾರ ಅಲ್ಲಿಗೆ ಹೋಗುತ್ತೇನೆ, ದೋಣಿಯಲ್ಲಿ ಹತ್ತು ನಿಮಿಷ. ರಸ್ತೆಯಲ್ಲಾದರೆ ಎರಡು ಬಸ್ಸು ಹತ್ತಿಳಿಯಬೇಕು. ನನ್ನ ಮಂಡಿಗೆ ಅದು ಇಂಪಾಸಿಬಲ್. ಅಕ್ಕತಂಗಿಯರು ನಾವಿಬ್ಬರೂ ಇನ್ನೆಷ್ಟು ಭಾನುವಾರಗಳನ್ನು ಹೀಗೆ ಒಟ್ಟಿಗೆ ಕಳೆಯಬಲ್ಲೆವೋ, ಯಾರಿಗೆ ಗೊತ್ತು?

ಮೂರನೆಯ ಸಲ ಅವರು ಹಳೆಯದನ್ನೆಲ್ಲ ಉಜ್ಜಿ ತೆಗೆದು, ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವವರೆಗೆ ಒರೆಸಿದರು. ಡಬ್ಬಿ ತರಲು ಒಳಗೆ ಹೋದರು. ಬೆತ್ತಲೆ ಮರ ಎಷ್ಟು ಬ್ಯೂಟಿಫುಲ್! ಎಂದಿನಂತೆ ಕೂರುವ ಹಲಗೆಯನ್ನೊಮ್ಮೆ ಪ್ರೀತಿಯಿಂದ ಸವರಿದೆ.

"ಏ, ಕೈ ತೆಗಿ!"

ಓಡಿಬಂದು ನನ್ನ ಅಂಗೈ ಮೂಸಿದರು. ಕೊಬ್ಬರಿ ಎಣ್ಣೆ.

"ಈಗ ತಲೆಗೆ ಹಚ್ಕೊಂಡು ಬಂದ್ಯಾ?"

"ದಿನಾ ಹಚ್ಚೋದೇ ಅಲ್ವೇನ್ರೀ?"

"ಹೋದ ಸಲವೂ ಹೀಗೇ ಸವರಿದ್ಯಾ?"

"ಅದರ ಹಿಂದಿನ ಸಲವೂ."

"ಅಯ್ಯೋ ಮಹರಾಯ್ತಿ! ಮರಾನ ಬೈದೆ, ಮಳೇನ ಬೈದೆ, ಅಂಗಡಿಯವನನ್ನ ಬೈದೆ. ನಿನ್ನೊಬ್ಬಳನ್ನೇ ಬಿಟ್ಟಿದ್ದೆ."

"ನನ್ನನ್ನೂ ಬೈದಿದ್ದೀರಿ, ಬೇರೆ ವಿಷಯಕ್ಕೆ."

ಚಿಕ್ಕಂದಿನಲ್ಲಿ ಕಾನ್ವೆಂಟ್ ಬೋರ್ಡಿಂಗಿನಲ್ಲಿ ನನ್ನ ಕಾಪಿ ಪುಸ್ತಕದ ಮೇಲೆ ಇಂಕ್ ಹಿಡಿಯುತ್ತಿರಲಿಲ್ಲ. ಎಣ್ಣೆಜಡೆ ಮುಟ್ಟಿ ಬರೆಯುತ್ತೀಯೆಂದು ಸಿಸ್ಟರ್ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಆ ಪಾಠ ಅರವತ್ತು ವರ್ಷದ ಮೇಲೂ ತಲೆಗೆ ಹತ್ತಿರಲಿಲ್ಲ. ಎಣ್ಣೆ ಮಾತ್ರ ಹತ್ತಿತ್ತು.

ಇವರು ಹಲಗೆಯನ್ನು ಮತ್ತೆ ಒರೆಸಿದರು. ನಾನು ಅಂಗಳದ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡು, ಕೈ ಕಟ್ಟಿ ಕುಳಿತೆ. ನಾಲ್ಕು ಕೋಟಿಂಗ್ ಮುಗಿಯುವವರೆಗೂ ಹತ್ತಿರ ಸುಳಿಯಲಿಲ್ಲ.

ಮಳೆಗಾಲ ಕಳೆಯಿತು. ಒಂದು ಚಕ್ಕೆಯೂ ಏಳಲಿಲ್ಲ. ರೆಸಾರ್ಟಿನ ಮಲಯಾಳಿ ಹುಡುಗ ಫೋನ್ ಮಾಡಿದ.

"ಇಲ್ಲ ಮೋನೇ, ದೋಣಿ ಕೊಡಲ್ಲ," ಎಂದರು ಇವರು, ನನಗೆ ಕೇಳುವಷ್ಟು ಜೋರಾಗಿ. "ವಾರಕ್ಕೊಂದು ದಿನವಾದ್ರೂ ಇವಳನ್ನ ಆಚೆ ದಡಕ್ಕೆ ಬಿಟ್ಟು ಬರ್ಬೇಕು. ಇವಳು ಮನೇಲಿದ್ರೆ ನಾನು ಬಳಿದದ್ದು ಯಾವುದೂ ನಿಲ್ಲಲ್ಲ."