ತಂಗಿಯ ತಟ್ಟೆಗೆ ಮತ್ತೆ ಚಪಾತಿ

ಈ ವಾರ ದಿನಾ ಬೆಳಿಗ್ಗೆ ನನ್ನ ತಂಗಿಗೆ ಹೊಟ್ಟೆನೋವು ಬಡಿಸುತ್ತಿದ್ದೇನೆ. ಬಿಸಿಬಿಸಿಯಾಗಿ, ತುಪ್ಪ ಸವರಿ.

ತಮಾಷೆಯಲ್ಲ. ಗೋಧಿ ಚಪಾತಿ ತಿಂದರೆ ಅವಳಿಗೆ ಹೊಟ್ಟೆ ಉಬ್ಬರಿಸುತ್ತದೆ, ಆಮೇಲೆ ಭೇದಿ. ಗೊತ್ತಿದ್ದೂ ಲಟ್ಟಿಸುತ್ತಿದ್ದೇನೆ. ಯಾಕೆ? ನನ್ನದೇ ತಪ್ಪಿಗೆ.

ನೇತ್ರಾಳನ್ನು ಹಡಗಲಿಗೆ ಕೊಟ್ಟಿದ್ದೇವೆ. ಅವಳ ಅತ್ತೆಗೆ ಸಕ್ಕರೆ ಕಾಯಿಲೆ. ಹಾಗಾಗಿ ಆ ಮನೆಯಲ್ಲಿ ರಾತ್ರಿ ಎಲ್ಲರಿಗೂ ಚಪಾತಿ. ಮದುವೆಯಾದ ಮೇಲೆ ನನ್ನ ತಂಗಿ ಒಣಗಿದ ಸಜ್ಜೆ ದಂಟಿನಂತಾದಳು. ರಕ್ತ ಕಡಿಮೆ, ಯಾವಾಗಲೂ ಸುಸ್ತು. ಅತ್ತೆಯ ಮಾತು ಒಂದೇ: "ಕೆಲಸಕ್ಕ ಕರದ್ರ ಸಾಕು, ಇಕೀಗೆ ಹೊಟ್ಟಿನೋವು ಬರ್ತೈತಿ."

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಕೊಟ್ಟೂರಿನ ನನ್ನ ಖಾನಾವಳಿಯಲ್ಲಿ ಎಂಥೆಂಥ ಹೊಟ್ಟೆಗಳನ್ನು ನೋಡಿಲ್ಲ? (ಇದನ್ನು ಈ ಅಂಕಣದಲ್ಲಿ ಆಗಾಗ ಹೇಳಿಕೊಳ್ಳುತ್ತೇನೆ, ನಿಮಗೂ ಬಾಯಿಪಾಠ ಆಗಿರಬೇಕು.) ಮೊಬೈಲಿಗೆ ಒಂದು ವಿಡಿಯೊ ಬಂತು. ಸೀಲಿಯಾಕ್ ಅಂತ ಕಾಯಿಲೆಯಂತೆ. ಅದು ಇದ್ದವರಿಗೆ ಗೋಧಿಯ ಗ್ಲುಟೆನ್ ಕರುಳು ಕೆಡಿಸುತ್ತದಂತೆ. ಗ್ಲುಟೆನ್ ಅಂದರೆ ಚಪಾತಿ ಹಿಟ್ಟು ಎಳೆದರೂ ಹರಿಯದಂತೆ ಹಿಡಿದಿಡುವ ಅಂಟು. ಜೋಳದ ಹಿಟ್ಟಿಗೆ ಅದಿಲ್ಲ, ಅದಕ್ಕೇ ರೊಟ್ಟಿ ಬಡಿಯುವಾಗ ಅಂಚು ಸೀಳುವುದು.

ಇಷ್ಟು ಗೊತ್ತಾದ ಮೇಲೆ ಡಾಕ್ಟರು ಯಾಕೆ? ನಮ್ಮಲ್ಲಿ ಜೋಳಕ್ಕೆ ಬರವೇ, ನವಣೆಗೆ ಬರವೇ?

ತಂಗಿಯನ್ನು ಮನೆಗೆ ಕರೆತಂದೆ. ಗೋಧಿ, ಮೈದಾ, ರವೆ ಎಲ್ಲ ಬಂದ್. ಅಮಾವಾಸ್ಯೆಗೆ ಮಾಡಿದ ಗೋಧಿ ಹುಗ್ಗಿಯನ್ನು ಅವಳು ಬಾಯಿಗಿಡುವಷ್ಟರಲ್ಲಿ ಕಸಿದುಕೊಂಡೆ.

"ಒಂದ ತುತ್ತು ಅಕ್ಕಾ."

"ಸುಮ್ನಿರಲೇ. ಒಂದ ಅಂದಾಕಿ ಬಟ್ಲ ಖಾಲಿ ಮಾಡ್ತಿ."

ಎರಡು ತಿಂಗಳಲ್ಲಿ ಅವಳ ಮುಖ ತುಂಬಿಕೊಂಡಿತು. ನಾನು ಇದೇ ಅಂಕಣದಲ್ಲಿ ಮೀಸೆ ತಿರುವಿದೆ (ಇಲ್ಲದ ಮೀಸೆಯನ್ನು). ಆಮೇಲೆ, ಹಡಗಲಿಯವರ ಬಾಯಿ ಮುಚ್ಚಿಸಲು ಒಂದು ರಿಪೋರ್ಟ್ ಇರಲಿ ಎಂದು ಅವಳನ್ನು ದಾವಣಗೆರೆಯ ಡಾಕ್ಟರ ಹತ್ತಿರ ಕರೆದೊಯ್ದೆ.

ರಕ್ತಪರೀಕ್ಷೆಯಲ್ಲಿ ಏನೂ ಇಲ್ಲ. ನಾರ್ಮಲ್.

"ಗೋಧಿ ಯಾವಾಗ ಬಿಟ್ಟೆಯಮ್ಮ?" ಡಾಕ್ಟರಮ್ಮ ತಂಗಿಯನ್ನು ಕೇಳಿದರು.

"ಎರಡು ತಿಂಗಳಾತ್ರಿ. ಅಕ್ಕ ಬಿಡಿಸ್ಯಾಳ."

ಅವರು ನನ್ನ ಕಡೆ ತಿರುಗಿದರು. "ಗೋಧಿ ತಿಂತಾ ಇದ್ರೆ ತಾನೇ ರಕ್ತದಲ್ಲಿ ಕಾಣೋದು? ಟೆಸ್ಟ್ ಮೊದ್ಲು, ಪಥ್ಯ ಆಮೇಲೆ. ಕಳ್ಳನ್ನ ನೀವೇ ಹೊರಗೆ ಕಳಿಸಿ, ಈಗ ಮನೆ ಹುಡುಕಿ ಅಂತೀರಲ್ಲ."

ಕಾಯಿಲೆ ಹೌದಾದರೆ ಜೀವನಪೂರ್ತಿ ಪಥ್ಯ. ಅಲ್ಲವಾದರೆ ಬೇರೆ ಏನು ಅಂತ ಹುಡುಕಬೇಕು. ಎರಡರಲ್ಲಿ ಯಾವುದು ಅಂತ ತಿಳಿಯಬೇಕಾದರೆ ಈಗ ಕೆಲವು ವಾರ ಡಾಕ್ಟರು ಹೇಳಿದಷ್ಟು ಗೋಧಿ ತಿಂದು, ಮತ್ತೆ ರಕ್ತ ಕೊಡಬೇಕು.

ಲ್ಯಾಬಿನವರಿಗೆ ನಾನೇ ಅವಳ ಗಂಡನ ನಂಬರ್ ಕೊಟ್ಟಿದ್ದೆ. ನಾವು ಮನೆ ಮುಟ್ಟುವ ಮೊದಲೇ ರಿಪೋರ್ಟು ಅವನ ಮೊಬೈಲ್ ಮುಟ್ಟಿತ್ತು. ಅತ್ತೆಯ ಫೋನು ಬಂತು. "ಏನೂ ಇಲ್ಲಂತಲ್ರಿ ಬೀಗ್ತಿ. ನಾಟಕ ಮುಗದಿದ್ರ ಕಳಿಸಿಕೊಡ್ರಿ."

ನಾನು ಬಾಯಿ ಮುಚ್ಚಿಸಲು ಹೋದವಳು, ಆ ಬಾಯಿಗೆ ಮಾತು ಕೊಟ್ಟು ಬಂದೆ. ತಂಗಿಯ ನೋವಿಗಿದ್ದ ಒಂದೇ ಸಾಕ್ಷಿಯನ್ನು ರೊಟ್ಟಿ ಹಾಕಿ ಅಳಿಸಿದವಳು ನಾನೇ.

ನಿನ್ನೆ ಚಪಾತಿ ಮುಂದಿಟ್ಟು, "ಆಗಂಗಿಲ್ಲಂದ್ರ ಬಿಡು ನೇತ್ರಾ. ಡಾಕ್ಟರಿಗೆ ನಾನ ಹೇಳ್ತೀನಿ," ಅಂದೆ.

ಅವಳು ಮುರಿದು ಬಾಯಿಗಿಟ್ಟಳು. "ಬಿಟ್ರ ಅತ್ತಿ ಮಾತ ಖರೆ ಆಕ್ಕೈತಿ. ಅವತ್ತು ಹುಗ್ಗಿ ಕಸ್ಗಂಡಿ, ಇವತ್ತು ತುಪ್ಪ ಹಚ್ಚಿ ಕೊಡ್ತಿ. ಮೊದ್ಲು ನಿನ್ನ ತಲಿ ಟೆಸ್ಟ್ ಮಾಡಸ್ಬೇಕು ನೋಡಕ್ಕಾ."

ನಕ್ಕಳು. ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಖಾನಾವಳಿ ಅರ್ಧ ದಿನ ಮುಚ್ಚಿ ಪಕ್ಕದಲ್ಲಿ ಕೂತೆ. ಬೇರೆ ಏನು ಮಾಡಲಿ?

ಒಂದು ಕೆಲಸ ಮಾತ್ರ ಬಾಕಿ ಇದೆ. ನಾನು ಮೀಸೆ ತಿರುವಿದ ವಾರ ಗುಡೇಕೋಟೆಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. "ನೀವು ಬರದದ್ದು ಓದಿ ನನ್ನ ಮಗನಿಗೂ ಚಪಾತಿ ಬಿಡಿಸೀನ್ರಿ ಅಕ್ಕಾರ," ಅಂದಿದ್ದರು. ನಾನು ಶಭಾಷ್ ಅಂದಿದ್ದೆ. ಹೆಸರು ಕೇಳಲಿಲ್ಲ, ನಂಬರ್ ಉಳಿಸಿಕೊಳ್ಳಲಿಲ್ಲ.

ತಾಯಿ, ಮೊದಲು ಮಗನನ್ನು ಡಾಕ್ಟರಿಗೆ ತೋರಿಸಿ, ಗೋಧಿ ಬಿಡಿಸಿದ್ದನ್ನೂ ಮರೆಯದೆ ಹೇಳಿ.

ಈ ವಾರವೂ ನನ್ನ ಅಂಕಣ ಓದುತ್ತಿದ್ದೀರಿ, ಅಲ್ಲವೇ?