ಗಾಜಿನಾಚೆಯ ‘ಹೋಗಿ ಬರ್ತೀನಿ’

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಗುಡ್ಡದ ಮೇಲಿನ ದೊಡ್ಡ ಮನೆಯ ಹಜಾರದಲ್ಲಿ ಏಣಿ ಹತ್ತಿ ನಿಂತ ಅಮ್ಮ ಗೋಡೆ ಒರೆಸುತ್ತಿದ್ದಾರೆ. ಗೋಡೆಯೆಂದರೆ ಬರೀ ಗಾಜು; ಕಟ್ಟಿಸಿದವರಿಗೆ ಇಟ್ಟಿಗೆ ಸಿಗಲಿಲ್ಲವೇನೋ. ಮೊದಲು ಸೋಪಿನ ನೀರು, ಆಮೇಲೆ ರಬ್ಬರ್ ಪಟ್ಟಿ, ಕೊನೆಗೆ ಹಳೆಯ ಬನಿಯನ್ ಬಟ್ಟೆ. ಚೆನ್ನಾಗಿ ಮಾಡಿದಷ್ಟೂ ಕಾಣದೇ ಹೋಗುವ ಕೆಲಸವಿದು. ಒಮ್ಮೆ ಯಜಮಾನರು ಬಾಗಿಲು ತೆರೆದಿದೆಯೆಂದು ನೆಟ್ಟಗೆ ನಡೆದು ಹಣೆ ಊದಿಸಿಕೊಂಡರು. ಅಮ್ಮನಿಗೆ ಈವರೆಗೆ ಸಿಕ್ಕಿರುವ ಪ್ರಶಸ್ತಿ ಅದೊಂದೇ.

ಗಂಡನಿಲ್ಲದ ಮೇಲೆ ಮಗಳ ಕೈಹಿಡಿದು ಈ ಪರದೇಶಕ್ಕೆ ಬಂದವರು. ವಾಸ ಕಾರ್ ಶೆಡ್ಡಿನ ಮೇಲಿನ ಕೋಣೆಯಲ್ಲಿ. ಕೆಳಗಿನ ಬಾಡಿಗೆದಾರರಿಗೇ ಜಾಗ ಜಾಸ್ತಿ ಎಂದು ಮಗಳು ಕಾರುಗಳನ್ನು ತೋರಿಸುತ್ತಾಳೆ. ಇಲ್ಲಿ ಶಾಲೆ ಸಿಗುವುದು ವಿಳಾಸ ನೋಡಿ; ವಿಳಾಸ ಸಿರಿವಂತರ ಬೀದಿಯದು, ಹಾಗಾಗಿ ಅವಳ ಶಾಲೆಯೂ ಸಿರಿವಂತರದೇ.

ಮೊದಲ ದಿನ ಕೆಲಸ ಮುಗಿಸಿದ ಅಮ್ಮ ‘ಹೋಗಿ ಬರ್ತೀನಿ’ ಎಂಬುದನ್ನು ಪದಕ್ಕೆ ಪದವಿಟ್ಟು ಇಲ್ಲಿಯ ಭಾಷೆಯಲ್ಲಿ ಹೇಳಿ, ಕೋಣೆಗೆ ಹೋಗಿ ಮಲಗಿಬಿಟ್ಟರು. ಮನೆಯೊಡತಿ ಬಾಗಿಲು ಹಾಕದೆ ಕಾದದ್ದೇ ಕಾದದ್ದು. ಮರುದಿನ ಮುಖ ಗಂಟು. ಆ ಮಾತು ಬಿಡು ಎಂದು ಮಗಳು ಅಂದಿನಿಂದಲೂ ಹೇಳುತ್ತಲೇ ಇದ್ದಾಳೆ.

“ಬಿಡೋಕಾಗಲ್ಲ ಕಣ್ರೀ,” ಎನ್ನುತ್ತಾರೆ ಅಮ್ಮ, ಕೆಳಗೆ ಏಣಿ ಹಿಡಿದು ನಿಂತ ನನಗೆ, ಬನಿಯನ್ ಹಿಂಡುತ್ತ. “ಇವಳಪ್ಪ ಒಂದಿನ ಅವಸರದಲ್ಲಿ ಬರೀ ‘ಹೊರಟೆ’ ಅಂದ್ರು. ಅಷ್ಟೇ.”

ಮಗಳು ಈಚೆಗೆ ಹೊರಡುವಾಗ ಗೆಳತಿಯರೆದುರು ಬರೀ ಕೈ ಬೀಸುತ್ತಾಳೆ. ಅವರೆಲ್ಲ ನಗ್ತಾರಮ್ಮ ಎಂಬುದು ಅವಳ ದೂರು. ನಗಲಿ ಬಿಡು, ನಕ್ಕರೆ ಯಾರ ಹಲ್ಲೂ ಉದುರಲ್ಲ ಎಂಬುದು ಅಮ್ಮನ ಜವಾಬು. ನಿನ್ನೆಯೂ ಇದೇ ಜಟಾಪಟಿ ನಡೆದು, ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಮಲಗಿದ್ದರು. ಇವತ್ತು ನೋಡಿದರೆ ಅವಳಿಗೆ ಶಾಲೆಯ ಪ್ರವಾಸ. ಹುಟ್ಟಿದಂದಿನಿಂದ ಅಮ್ಮನನ್ನು ಬಿಟ್ಟು ಮಲಗಿದವಳಲ್ಲ.

ಗೇಟಿನ ಮುಂದೆ ಬಸ್ಸು ಬಂದು ನಿಲ್ಲುತ್ತದೆ. ಚೀಲ ಹೆಗಲಿಗೇರಿಸಿದ ಮಗಳು ತಲೆ ಬಗ್ಗಿಸಿಕೊಂಡು ಅಂಗಳ ದಾಟುತ್ತಾಳೆ. ಅಮ್ಮ ಏಣಿಯಿಂದ ಇಳಿಯುವುದಿಲ್ಲ. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಾರೆ. ಬಸ್ಸಿನ ಮೆಟ್ಟಿಲ ಮೇಲೆ ಮಗಳು ಒಮ್ಮೆ ತಿರುಗಿ, ಗೆಳತಿಯರಿಗೆ ಬೆನ್ನು ಮಾಡಿ, ಗಾಜಿನತ್ತ ನೋಡುತ್ತಾಳೆ. ತುಟಿ ಆಡುತ್ತದೆ. ಬಸ್ಸು ಹೊರಡುತ್ತದೆ.

ಅಮ್ಮ ಬಕೆಟ್ಟಿನ ನೀರು ಬದಲಿಸಲು ಕೆಳಗಿಳಿಯುತ್ತಾರೆ. ಅವಳು ಅಂದದ್ದು ಕೇಳಿಸಿತೇ ಎಂದು ನಾನು ಕೇಳಿದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

“ಕೇಳ್ಸೋದೆಲ್ಲಿಂದ ಬಂತು, ಇಷ್ಟು ದಪ್ಪ ಗಾಜು. ಆದ್ರೆ ‘ಬರ್ತೀನಿ’ ಅಂದಿದ್ದು ಕಾಣ್ತು. ಚೆನ್ನಾಗಿ ಒರೆಸಿದ್ನಲ್ಲ.”