ಅಮ್ಮನ ರಾಣಿ ರೂಪಾಯಿ

ದೊಡ್ಡಪ್ಪನಿಗೆ ತನ್ನ ಕಿವಿಯ ಮೇಲಿದ್ದ ಗರ್ವವನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಬಂಟ್ವಾಳ ಪೇಟೆಯಲ್ಲಿ ಅವರದು ಜೀನಸಿನ ಅಂಗಡಿ. ಯಾರು ಹಳೆಯ ಬೆಳ್ಳಿ ರೂಪಾಯಿ ತಂದರೂ ಕಲ್ಲಿಗೆ ಒಮ್ಮೆ ಕುಕ್ಕಿ, ಕಣ್ಣು ಮುಚ್ಚಿ ಕೇಳಿ, ಸಾಚಾ ಅಥವಾ ಖೋಟಾ ಎಂದು ಹೇಳಿಬಿಡುತ್ತಿದ್ದರು. ಆ ಮಾತಿಗೆ ಅಪೀಲು ಇರಲಿಲ್ಲ.

ನಯಾಪೈಸೆ ಬಂದ ಹೊಸತು. ದೀಪಾವಳಿಯ ಲಕ್ಷ್ಮೀಪೂಜೆಗೆಂದು ಮನೆಯ ಹಳೆಯ ನಾಣ್ಯಗಳನ್ನು ಅಮ್ಮ ಹುಣಸೆಹುಳಿಯಲ್ಲಿ ಉಜ್ಜಿ ತಟ್ಟೆಯಲ್ಲಿಟ್ಟಿದ್ದಳು. ಅದರಲ್ಲೊಂದು ಅವಳದೇ. ಮದುವೆಯ ದಿನ ಮೂಡುಬಿದಿರೆಯ ಅಜ್ಜ, ಅಂದರೆ ಅವಳ ಅಪ್ಪ, ಅವಳ ಕೈಗಿಟ್ಟ ರಾಣಿ ರೂಪಾಯಿ, ಬ್ರಿಟಿಷ್ ರಾಣಿಯ ಮುಖವಿದ್ದ ಬೆಳ್ಳಿ ನಾಣ್ಯ. ಕೂಸಾಗಿದ್ದಾಗ ನಾನು ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿದ್ದೆನಂತೆ. ಅದಕ್ಕೆಂದು ಅದೇ ನಾಣ್ಯಕ್ಕೆ ಕೊಂಡಿ ಇಡಿಸಿ, ಕಪ್ಪು ನೂಲಿನಲ್ಲಿ ನನ್ನ ಕೊರಳಿಗೆ ಕಟ್ಟಿದ್ದರು. ನಾನು ನಡೆಯಲು ಕಲಿತ ಮೇಲೆ ಕೊಂಡಿ ಕೀಳಿಸಿ ಮತ್ತೆ ತಟ್ಟೆಗೆ ಸೇರಿಸಿದ್ದರು.

ಆ ಸಲ ನೆಂಟರು ತುಂಬಿದ್ದರು. ದೊಡ್ಡಪ್ಪನಿಗೆ ಅಷ್ಟು ಸಾಕಾಯಿತು. ಒಂದೊಂದೇ ನಾಣ್ಯ ಎತ್ತಿ ಹೊಸ್ತಿಲ ಕಲ್ಲಿಗೆ ಕುಕ್ಕತೊಡಗಿದರು. ಎಲ್ಲವೂ ಠಣ್ ಎಂದವು. ಅಮ್ಮನದು ಟಪ್ ಎಂದಿತು.

"ಇದು ಸೀಸ ಮಾರಾಯ್ರೇ!" ಎಂದು ನಕ್ಕರು. "ಮೂಡುಬಿದಿರೆಯವರು ಮಗಳಿಗೂ ಖೋಟಾ ಕೊಟ್ಟದ್ದಾ?"

ಎಲ್ಲರೂ ನಕ್ಕರು. ಅಜ್ಜ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ಸತ್ತವರ ಮೇಲೆ ಅಪವಾದ ಹೊರಿಸುವುದು ಎಷ್ಟು ಸುಲಭ! ಅಮ್ಮ ನಾಣ್ಯವನ್ನು ಸೆರಗಿಗೆ ಕಟ್ಟಿಕೊಂಡು ಒಳಗೆ ಹೋದಳು. ಅಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ಅಣ್ಣನ ಎದುರು ಅವರ ಬಾಯಿಗೆ ಯಾವಾಗಲೂ ಬೀಗ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಸಿಟ್ಟು ಬಂದದ್ದು ಅವರ ಮೇಲೆ.

ಎರಡು ದಿನ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನಾನು ಅವಳಿಂದ ನಾಣ್ಯ ಕೇಳಿ ತೆಗೆದುಕೊಂಡು, ಸೇತುವೆ ದಾಟಿ ಪಾಣೆಮಂಗಳೂರಿಗೆ ನಡೆದೆ. ನಮ್ಮ ಮನೆಯ ಚಿನ್ನ ಬೆಳ್ಳಿಯ ಕೆಲಸವೆಲ್ಲ ಮಾಡುತ್ತಿದ್ದ ಮುದುಕ ಆಚಾರಿಯ ಅಂಗಡಿ ಅಲ್ಲಿತ್ತು.

ಅವರು ಕುಕ್ಕಲೇ ಇಲ್ಲ. ತಕ್ಕಡಿಯಲ್ಲಿ ಇನ್ನೊಂದು ರಾಣಿ ರೂಪಾಯಿಯ ಎದುರು ಇಟ್ಟರು. ತೂಕ ಸಮ. ಒರೆಗಲ್ಲಿಗೆ ಎಳೆದು ನೋಡಿದರು. ಆಮೇಲೆ ಅಂಚನ್ನು ಉಗುರಿನಿಂದ ಸವರುತ್ತ ಒಂದು ಕಡೆ ನಿಲ್ಲಿಸಿದರು. ಅಲ್ಲಿ ಗೀರುಗಳು ನುಣ್ಣಗಾಗಿದ್ದವು.

"ಅಪ್ಪಟ ಬೆಳ್ಳಿ ಮಗಾ. ಇಲ್ಲಿ ಬೆಸುಗೆ ಉಂಟು, ನೋಡು. ಬೆಸುಗೆ ಬಿದ್ದ ನಾಣ್ಯದ ದನಿ ಸಾಯ್ತದೆ."

"ಕೊಂಡಿ ಇಟ್ಟದ್ದು ಯಾರು?" ಎಂದೆ.

"ನಾನೇ. ನಿನ್ನ ದೊಡ್ಡಪ್ಪನೇ ತಂದು ಕೊಟ್ಟದ್ದು. ಬೆಸುಗೆ ಹಾಕಿದ್ರೆ ಮತ್ತೆ ಸದ್ದು ಬರುದಿಲ್ಲ ಅಂತ ಆಗಲೇ ಹೇಳಿದ್ದೆ."

ಹಿಂದೆ ಬರುವಾಗ ಸೇತುವೆಯ ಮೇಲೆ ಓಡಿದೆನೋ ನಡೆದೆನೋ ನೆನಪಿಲ್ಲ. ಊಟಕ್ಕೆ ಕುಳಿತಿದ್ದವರೆಲ್ಲರ ಎದುರು ಆಚಾರಿ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಹುಡುಗಿ ಇಷ್ಟು ಗಟ್ಟಿಯಾಗಿ ಮಾತನಾಡಬಾರದು ಎಂದು ಅಪ್ಪ ಗದರಿಸಿದರು. ಅವರ ಬೀಗ ತೆಗೆದದ್ದು ಆಗ!

ದೊಡ್ಡಪ್ಪ ಅನ್ನ ಕಲಸುವುದನ್ನೂ ನಿಲ್ಲಿಸಲಿಲ್ಲ. "ಹೌದಾ? ಹೇಳಿದ್ದನೋ ಏನೋ. ಸರಿ, ಬರುವ ವರ್ಷ ತಟ್ಟೆಯಲ್ಲಿ ಇಡುವ" ಎಂದರು. ತಪ್ಪಾಯಿತು ಎಂಬ ಒಂದು ಮಾತಿಲ್ಲ. ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟು, ನನ್ನ ಕೈಯಿಂದ ನಾಣ್ಯ ತೆಗೆದುಕೊಂಡಳು.

"ಬೇಡ ಭಾವ. ನನ್ನ ಅಪ್ಪನನ್ನು ಇನ್ನೊಮ್ಮೆ ಕಲ್ಲಿಗೆ ಕುಕ್ಕುದು ಬೇಡ."

ನಾಣ್ಯವನ್ನು ಸೆರಗಿಗೆ ಕಟ್ಟಿಕೊಂಡು, ಉಳಿದವರಿಗೆ ಸಾರು ಬಡಿಸಿದಳು.